ಕತ್ತಿನ ಬಿಸಿ ಗಂಟು: ಮಾತ್ರೆಯೋ, ಅಯೋಡಿನ್ನೋ, ಕತ್ತರಿಯೋ, ಸೂಜಿಯೋ?

ಕೊಪ್ಪದ ಕಡೆ ಇರುವ ನಮ್ಮ ಅತ್ತೆಗೆ ಎದೆ ಡವಡವ ಶುರುವಾದಾಗ ಅರವತ್ತೆರಡು ವರ್ಷ. ಮಗಳ ಮದುವೆ ಚಿಂತೆ ಅಂದುಕೊಂಡರು ಎಲ್ಲರೂ. ರವಿಕೆಗಳೆಲ್ಲ ಸಡಿಲವಾದವು. ಲೋಟಕ್ಕೆ ಹಾಲು ಬಗ್ಗಿಸಿದರೆ ಅರ್ಧ ಹೊರಗೆ ಚೆಲ್ಲುತ್ತಿತ್ತು. ಕೊನೆಗೆ ರಕ್ತ ಪರೀಕ್ಷೆ ಆಯಿತು, ಥೈರಾಯ್ಡ್ ಜಾಸ್ತಿ ಅಂತ ಬಂತು. ಹತ್ತಿರದ ಊರಿನ ಡಾಕ್ಟರು ನಿಯೋಮರ್ಕಜೋಲ್ ಮಾತ್ರೆ ಬರೆದರು. 'ಒಂದೂವರೆ ವರ್ಷ ತಗೊಳ್ಳಿ, ಆಮೇಲೆ ನಿಲ್ಸೋಣ' ಅಂದರು.

ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಒಂದೂವರೆ ವರ್ಷಕ್ಕೆ ಮಾತ್ರೆ ನಿಂತಿತು. ಮೂರೇ ತಿಂಗಳಲ್ಲಿ ಡವಡವ ವಾಪಸ್. ಅಷ್ಟು ದಿನದಲ್ಲಿ ಅವರ ಕತ್ತನ್ನು ಯಾರೂ ಮುಟ್ಟಿ ನೋಡಿರಲಿಲ್ಲ, ಒಂದು ಸ್ಕ್ಯಾನ್ ಕೂಡ ಆಗಿರಲಿಲ್ಲ.

ಬೆಂಗಳೂರಿಗೆ ಕರೆದುಕೊಂಡು ಬಂದು ಟೆಕ್ನೀಷಿಯಂ ಸ್ಕ್ಯಾನ್ ಮಾಡಿಸಿದೆವು, ಗ್ರಂಥಿಯ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನ್ ಅದು. ಥೈರಾಯ್ಡ್ ಗ್ರಂಥಿ ಚಿಟ್ಟೆಯ ಹಾಗೆ ಇರುತ್ತದೆ, ಎರಡು ರೆಕ್ಕೆ, ನಡುವೆ ಸಣ್ಣ ಸೇತುವೆ. ಅತ್ತೆಯ ಫಿಲ್ಮಿನಲ್ಲಿ ಎಡಗಡೆ ಒಂದು ಕಪ್ಪು ಉಂಡೆ ಮಾತ್ರ ಇತ್ತು. ತಾನೇ ತಾನಾಗಿ ಹಾರ್ಮೋನ್ ಸುರಿಸುತ್ತಾ, ಸ್ಕ್ಯಾನಿನಲ್ಲಿ ಹೀಗೆ ಎದ್ದು ಕಾಣುವ ಗಂಟಿಗೆ ಬಿಸಿ ಗಂಟು ಅನ್ನುತ್ತಾರೆ. ಬಲಗಡೆ ಖಾಲಿ. 'ಇವರಿಗೆ ಬಲಗಡೆ ಗ್ರಂಥಿನೇ ಇಲ್ವಾ ಡಾಕ್ಟ್ರೇ?' ಅಂತ ಕೇಳಿದೆ.

'ಇದೆ. ನಿದ್ದೆ ಮಾಡ್ತಾ ಇದೆ' ಅಂದರು ಅವರು.

ಈ ಕಾಯಿಲೆಯ ಚಿಕಿತ್ಸೆಗಳನ್ನು ಹೋಲಿಸಲು ನನಗೆ ಸಿಕ್ಕ ಅತ್ಯಂತ ಒಳ್ಳೆಯ ಅಳತೆಗೋಲು ಆ ಒಂದು ಮಾತು. ಗಂಟನ್ನು ಸಾಯಿಸಲು ನಾಲ್ಕಾರು ದಾರಿಗಳಿವೆ. ಮಲಗಿರುವ ಒಳ್ಳೆಯ ಭಾಗ ಎದ್ದು ಕೆಲಸ ಹಿಡಿಯುತ್ತದಾ, ಹಿಡಿದರೆ ಎಷ್ಟು ವರ್ಷ ಮಾಡುತ್ತದೆ ಅನ್ನುವುದರಲ್ಲಿ ಈ ದಾರಿಗಳು ಬೇರೆ ಬೇರೆ ಆಗುತ್ತವೆ.

ಯಜಮಾನನ ಮಾತು ಕೇಳದ ಗಂಟು

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಅನ್ನುವ ಹಾರ್ಮೋನ್ ಕಳಿಸಿ ಥೈರಾಯ್ಡಿಗೆ 'ಕೆಲಸ ಮಾಡು' ಅನ್ನುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಸಾಕಷ್ಟು ಇದ್ದರೆ ಟಿಎಸ್‌ಎಚ್ ಇಳಿಯುತ್ತದೆ, ಗ್ರಂಥಿ ಸುಮ್ಮನಾಗುತ್ತದೆ. ಬಿಸಿ ಗಂಟಿಗೆ ಈ ಲೆಕ್ಕ ಇಲ್ಲ. ಬಹಳಷ್ಟು ಬಿಸಿ ಗಂಟುಗಳಲ್ಲಿ ಟಿಎಸ್‌ಎಚ್ ಕೂರುವ ಗ್ರಾಹಿಯ ಜೀನಿನಲ್ಲೇ ಸಣ್ಣ ಬದಲಾವಣೆ ಆಗಿರುತ್ತದೆ. 1993ರಲ್ಲಿ ಬ್ರಸೆಲ್ಸಿನ ಗಿಲ್ಬರ್ಟ್ ವಸ್ಸಾರ್ಟ್ ಅವರ ತಂಡ ಇದನ್ನು ಕಂಡುಹಿಡಿಯಿತು. ಸ್ವಿಚ್ ಆನ್ ಆದ ಜಾಗದಲ್ಲೇ ಅಂಟಿಕೊಂಡ ಹಾಗೆ. ಯಾರೂ ಹೇಳದಿದ್ದರೂ ಗಂಟು ಹಾರ್ಮೋನ್ ಸುರಿಯುತ್ತಲೇ ಇರುತ್ತದೆ. ಪಿಟ್ಯುಟರಿ ಟಿಎಸ್‌ಎಚ್ ಕಳಿಸುವುದನ್ನೇ ಬಿಡುತ್ತದೆ. ಅಪ್ಪಣೆ ಬರದ ಮಿಕ್ಕ ಗ್ರಂಥಿ ಮಲಗಿಬಿಡುತ್ತದೆ.

ಅಮೆರಿಕದ ಮೇಯೋ ಕ್ಲಿನಿಕ್ಕಿನ ಹೆನ್ರಿ ಪ್ಲಮರ್ ಇದನ್ನು ಗ್ರೇವ್ಸ್ ಕಾಯಿಲೆಯಿಂದ ಬೇರೆ ಮಾಡಿ ತೋರಿಸಿದ್ದು 1913ರಲ್ಲಿ. ನೂರು ವರ್ಷ ದಾಟಿದರೂ ಎರಡನ್ನೂ 'ಹೈಪರ್ ಥೈರಾಯ್ಡ್' ಅನ್ನುವ ಒಂದೇ ಚೀಲಕ್ಕೆ ಹಾಕುವುದು ನಮ್ಮಲ್ಲಿ ನಿಂತಿಲ್ಲ. ಅತ್ತೆಗೆ ಆಗಿದ್ದೂ ಅದೇ. ಗ್ರೇವ್ಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿ ಇಡೀ ಗ್ರಂಥಿಯನ್ನು ಕೆರಳಿಸುತ್ತದೆ. ಒಂದೂವರೆ ವರ್ಷ ಮಾತ್ರೆ ಕೊಟ್ಟರೆ ಸುಮಾರು ಜನರಲ್ಲಿ ಆ ಕೆರಳಿಕೆ ತಾನಾಗಿ ತಣಿಯುತ್ತದೆ. ಗಂಟಿನ ಜೀನ್ ಮಾತ್ರ ಒಂದೂವರೆ ವರ್ಷಕ್ಕೆ ಬುದ್ಧಿ ಕಲಿಯುವುದಿಲ್ಲ. ಮಾತ್ರೆ ಬಿಟ್ಟ ದಿನವೇ ಅದು ಮತ್ತೆ ಶುರು.

ಅಯೋಡಿನ್ ಕೊರತೆಯ ಸೀಮೆಗಳಲ್ಲಿ ಇಂಥ ಗಂಟುಗಳು ಜಾಸ್ತಿ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1950ರ ದಶಕದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಸೇರಿಸಿ ನೋಡಿದ ಪ್ರಯೋಗ ದೊಡ್ಡ ಹೆಸರು ಮಾಡಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗಳಗಂಡ ಅನ್ನುವ ಪದ ನಮ್ಮ ಮಲೆನಾಡಿನ ಹಿರಿಯರಿಗೆ ಹೊಸದಲ್ಲ. ಈಗ ಉಪ್ಪಿನಲ್ಲಿ ಅಯೋಡಿನ್ ಇದೆ. ಆದರೆ ಚಿಕ್ಕಂದಿನಲ್ಲಿ ಕಲ್ಲುಪ್ಪು ತಿಂದು ಬೆಳೆದವರು ಈಗ ಅರವತ್ತು ಎಪ್ಪತ್ತರಲ್ಲಿದ್ದಾರೆ. ಹಳೆಯ ಗಂಟು ಇದ್ದವರಿಗೆ ಒಮ್ಮೆಲೇ ಅಯೋಡಿನ್ ಜಾಸ್ತಿ ಸಿಕ್ಕರೆ ಅದು ಕೆರಳುವುದೂ ಉಂಟು. ಸಿಟಿ ಸ್ಕ್ಯಾನಿಗೆ ಹಾಕುವ ಕಾಂಟ್ರಾಸ್ಟ್ ಔಷಧದಲ್ಲಿ ರಾಶಿ ಅಯೋಡಿನ್ ಇರುತ್ತದೆ. ಕತ್ತಿನಲ್ಲಿ ಗಂಟು ಇದ್ದವರು ಅದಕ್ಕೆ ಮುಂಚೆ ಹೇಳಿಬಿಡಬೇಕು.

ಪರೀಕ್ಷೆಯ ಸರದಿ ತಪ್ಪಿದರೆ

ಗಂಟು ಕಂಡ ಕೂಡಲೇ ಕ್ಯಾನ್ಸರ್ ಇದೆಯಾ ಅಂತ ನೋಡಲು ಪರೀಕ್ಷೆಯ ಸೂಜಿ ಚುಚ್ಚಿಸಲು ಓಡುವವರು ಬಹಳ. ಮೊದಲು ಟಿಎಸ್‌ಎಚ್ ನೋಡಬೇಕು. ಅದು ಕಮ್ಮಿ ಇದ್ದರೆ ಸೂಜಿಗೆ ಮೊದಲು ಸ್ಕ್ಯಾನ್. ಸ್ಕ್ಯಾನಿನಲ್ಲಿ ಗಂಟು ಬಿಸಿ ಅಂತ ಬಂದರೆ ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ, ಹಾಗಾಗಿ ಸಾಮಾನ್ಯವಾಗಿ ಸೂಜಿಯೇ ಬೇಡ. ಬಿಸಿ ಗಂಟಿನ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಅನುಮಾನ ಹುಟ್ಟಿಸುವ ಹಾಗೆ ಕಾಣುತ್ತವೆ. ಸುಮ್ನೆ ಚುಚ್ಚಿಸಿ, ವರದಿಯಲ್ಲಿ 'ಖಚಿತವಿಲ್ಲ' ಅಂತ ಓದಿ, ಮನೆಮಂದಿಯೆಲ್ಲ ನಿದ್ದೆಗೆಡುವುದು ಯಾಕೆ?

ಥೈರಾಯ್ಡ್ ಸುರಿಸುವ ಹಾರ್ಮೋನ್‌ಗಳು ಎರಡು, ಟಿ4 ಮತ್ತು ಟಿ3. ಟಿ4 ಜೊತೆ ಟಿ3 ಕೂಡ ನೋಡಿಸಬೇಕು. ಕೆಲವು ಗಂಟುಗಳು ಟಿ3 ಒಂದನ್ನೇ ಏರಿಸುತ್ತವೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುವವರಿಗೆ ಇನ್ನೊಂದು ಮಾತು. ಕೆಲವು ಲ್ಯಾಬ್ ವಿಧಾನಗಳಲ್ಲಿ ಬಯೋಟಿನ್ ಲೆಕ್ಕವನ್ನೇ ಕೆಡಿಸಿ, ಟಿಎಸ್‌ಎಚ್ ಕಮ್ಮಿ, ಟಿ4 ಜಾಸ್ತಿ ಅಂತ ತೋರಿಸಿಬಿಡುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿದರೆ ಇಲ್ಲದ ಕಾಯಿಲೆಗೆ ಮದ್ದು ತಿನ್ನುವುದು ತಪ್ಪುತ್ತದೆ.

ಟಿಎಸ್‌ಎಚ್ ಇಳಿದಿದೆ, ಟಿ3, ಟಿ4 ಸರಿ ಇದೆ, ತೊಂದರೆಯೂ ಇಲ್ಲ. ಇಂಥವರು ಕಾಯಬಹುದಾ? ಪ್ರಾಯದವರು, ಟಿಎಸ್‌ಎಚ್ ಸ್ವಲ್ಪವೇ ಇಳಿದವರು ಆರು ತಿಂಗಳಿಗೊಮ್ಮೆ ನೋಡಿಸಿಕೊಂಡು ಕಾಯಬಹುದು. ಅರವತ್ತು ದಾಟಿದವರ ಲೆಕ್ಕ ಬೇರೆ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನಲ್ಲಿ 60 ದಾಟಿದ ಸುಮಾರು 2000 ಜನರನ್ನು ಹತ್ತು ವರ್ಷ ಗಮನಿಸಿದರು. 1994ರಲ್ಲಿ ಫಲಿತಾಂಶ ಬಂತು. ಟಿಎಸ್‌ಎಚ್ 0.1ಕ್ಕೂ ಕಮ್ಮಿ ಇದ್ದವರಲ್ಲಿ ಶೇ 28ರಷ್ಟು ಮಂದಿಗೆ ಹೃದಯದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಬಂದಿತ್ತು. ಟಿಎಸ್‌ಎಚ್ ಸರಿ ಇದ್ದವರಲ್ಲಿ ಇದು ಶೇ 11. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿ ಆಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಯೂ ಸವೆಯುತ್ತದೆ. 'ನಂಗೇನೂ ಆಗ್ತಿಲ್ಲ' ಅನ್ನುವ ಅಜ್ಜಿಯನ್ನು ಸುಮ್ಮನೆ ಬಿಡಬಾರದು.

ಮಾತ್ರೆ ಒಂದು ಸೇತುವೆ

ಅತ್ತೆ ನುಂಗಿದ ನಿಯೋಮರ್ಕಜೋಲ್‌ನಲ್ಲಿ ಇರುವ ಔಷಧ ಕಾರ್ಬಿಮಜೋಲ್. ಅದು ದೇಹದೊಳಗೆ ಮೆಥಿಮಜೋಲ್ ಆಗಿ, ಹಾರ್ಮೋನ್ ತಯಾರಿಯನ್ನು ತಡೆಯುತ್ತದೆ. ಅಗ್ಗ, ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಗಂಟಿನ ಮಟ್ಟಿಗೆ ಅದು ದಾಟಲು ಸೇತುವೆ. ಆಪರೇಷನ್‌ಗೆ ಮೊದಲು ಹಾರ್ಮೋನ್ ಇಳಿಸಿ ದೇಹವನ್ನು ಸಜ್ಜು ಮಾಡಲು ಬೇಕು. ತೀರಾ ವಯಸ್ಸಾದವರಿಗೆ, ಬೇರೆ ದೊಡ್ಡ ಕಾಯಿಲೆ ಇದ್ದವರಿಗೆ ಕಮ್ಮಿ ಪ್ರಮಾಣದಲ್ಲಿ ವರ್ಷಗಟ್ಟಲೆ ಕೊಡುವುದೂ ಒಪ್ಪಿದ ಪದ್ಧತಿಯೇ. ಆದರೆ ಅದು ಕೊನೆಯವರೆಗೂ ನುಂಗುವ ಮಾತ್ರೆ ಅಂತ ಮೊದಲೇ ಹೇಳಿ ಕೊಡಬೇಕು. 'ಆಮೇಲೆ ನಿಲ್ಸೋಣ' ಅನ್ನಬಾರದು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಅಪರೂಪಕ್ಕೆ ಈ ಮಾತ್ರೆ ಬಿಳಿ ರಕ್ತಕಣಗಳನ್ನು ತಟಕ್ಕನೆ ಇಳಿಸಿಬಿಡುತ್ತದೆ. ಜ್ವರ, ಗಂಟಲು ನೋವು ಬಂದರೆ ಕಷಾಯ ಕುಡಿದು ಕಾಯುವುದು ತಪ್ಪು. ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಅತ್ತೆಗೆ ಇದನ್ನು ಯಾರೂ ಹೇಳಿರಲಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಗಂಟಲು ನೋವು ಬರದವರು ಯಾರಿದ್ದಾರೆ ಹೇಳಿ!

'ಅಣುಬಾಂಬ್ ನೀರು'

ರೇಡಿಯೋ ಅಯೋಡಿನ್ ಅಂದಾಗ ಅತ್ತೆ ಹೌಹಾರಿದರು. 'ಅದೇನೋ ಅಣುಬಾಂಬಿಂದು ನೀರು ಕುಡಿಸ್ತಾರಂತಲ್ಲ ಮಾರಾಯಾ?' ಆ ಮಾತಿನಲ್ಲಿ ಎಳ್ಳಷ್ಟು ನಿಜ ಇದೆ. ಅಯೋಡಿನ್ 131 ಪರಮಾಣು ರಿಯಾಕ್ಟರಿನ ಕೂಸೇ. ನಮ್ಮ ದೇಶದಲ್ಲಿ ಪರಮಾಣು ಇಂಧನ ಇಲಾಖೆಯ ಬ್ರಿಟ್ ಸಂಸ್ಥೆ ಇದನ್ನು ಆಸ್ಪತ್ರೆಗಳಿಗೆ ಕಳಿಸುತ್ತದೆ. ಎಂಟು ದಿನಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲೇ ಹೇಳಿ ತರಿಸಬೇಕು, ಕೊಟ್ಟ ದಿನ ತಪ್ಪಿಸಬಾರದು. ಅಂಗಡಿಯಲ್ಲಿ ಇಟ್ಟು ಮಾರುವ ಸರಕು ಇದಲ್ಲ.

ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಮೊದಲು ಕೊಟ್ಟಿದ್ದು 1941ರ ಜನವರಿಯಲ್ಲಿ, ಬಾಸ್ಟನ್‌ನಲ್ಲಿ, ಸಾಲ್ ಹರ್ಟ್ಜ್ ಅನ್ನುವ ವೈದ್ಯರು. ಹಿರೋಷಿಮಾಗಿಂತ ನಾಲ್ಕು ವರ್ಷ ಮೊದಲೇ. ಇದನ್ನು ಅತ್ತೆಗೆ ಹೇಳಿದ ಮೇಲೆ ಅರ್ಧ ಹೆದರಿಕೆ ಇಳಿಯಿತು.

ಇದರ ಜಾಣತನ ನೋಡಿ. ಥೈರಾಯ್ಡ್ ಅಯೋಡಿನ್ ಹೀರುವ ಗ್ರಂಥಿ. ಎಚ್ಚರವಿರುವ ಗಂಟು ಗಬಗಬ ಹೀರುತ್ತದೆ, ಮಲಗಿರುವ ಭಾಗ ಮುಟ್ಟುವುದೇ ಕಮ್ಮಿ. ಹೀರಿದ ಅಯೋಡಿನ್ ಸೂಸುವ ಬೀಟಾ ಕಿರಣ ಒಂದೆರಡು ಮಿಲಿಮೀಟರ್ ದಾಟುವುದಿಲ್ಲ. ವಿಷವನ್ನು ಗಂಟೇ ಕೇಳಿ ಕುಡಿದ ಹಾಗಾಯಿತು. ಗ್ರೇವ್ಸ್‌ನಲ್ಲಿ ಇಡೀ ಗ್ರಂಥಿ ಸುಟ್ಟುಹೋಗುತ್ತದೆ, ಇಲ್ಲಿ ಅರ್ಧ ಉಳಿಯುತ್ತದೆ.

ಉಳಿಯುತ್ತದೆ, ಅದು ನಿಜವಾಗಿ ಮಲಗಿದ್ದರೆ ಮಾತ್ರ. ಅಯೋಡಿನ್ ಕೊಡುವ ಮೊದಲು ಕಾರ್ಬಿಮಜೋಲ್ ಕೊಟ್ಟು ಕೊಟ್ಟು ಟಿಎಸ್‌ಎಚ್ ಮಾಮೂಲಿಗೆ ತಂದುಬಿಟ್ಟರೆ ಮಲಗಿದ್ದ ಭಾಗ ಎದ್ದು ಕೂರುತ್ತದೆ. ಎದ್ದ ಭಾಗ ತಾನೂ ಅಯೋಡಿನ್ ಹೀರುತ್ತದೆ, ತಾನೂ ಸಾಯುತ್ತದೆ. 'ಎಲ್ಲಾ ನಾರ್ಮಲ್ ಮಾಡಿಕೊಂಡು ಬನ್ನಿ, ಆಮೇಲೆ ಅಯೋಡಿನ್' ಅನ್ನುವುದು ಕೇಳಲು ಜೋಪಾನದ ಮಾತು. ಗಂಟಿನ ವಿಷಯದಲ್ಲಿ ಅದೇ ಎಡವಟ್ಟು. ಡೋಸ್ ಕುಡಿಯುವ ದಿನ ಟಿಎಸ್‌ಎಚ್ ತಳದಲ್ಲೇ ಇರಬೇಕು. ಆ ತನಕ ಎದೆಬಡಿತಕ್ಕೆ ಪ್ರೊಪ್ರನಲಾಲ್‌ನಂಥ ಮಾತ್ರೆ ಆಗುತ್ತದೆ. ಅತ್ತೆ ಕಾರ್ಬಿಮಜೋಲ್ ಬಿಟ್ಟಿದ್ದರಿಂದ ಟಿಎಸ್‌ಎಚ್ ತಾನಾಗಿ ತಳ ಹಿಡಿದಿತ್ತು. ಆ ತಪ್ಪು ಚಿಕಿತ್ಸೆಯಿಂದ ಆದ ಒಂದೇ ಉಪಕಾರ ಇದು.

ಇನ್ನು ಅಂಕಿಗಳು. ಸಾಮಾನ್ಯವಾಗಿ 10ರಿಂದ 20 ಮಿಲಿಕ್ಯೂರಿ (ವಿಕಿರಣದ ಅಳತೆ) ಕೊಡುತ್ತಾರೆ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಮೂರು ತಿಂಗಳಿಗೆ ನಾಲ್ವರಲ್ಲಿ ಸುಮಾರು ಮೂವರಿಗೆ ಹಾರ್ಮೋನ್ ಹತೋಟಿಗೆ ಬರುತ್ತದೆ. ಗಂಟು ಎರಡು ವರ್ಷಕ್ಕೆ ಸುಮಾರು ಅರ್ಧ ಕುಗ್ಗುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಕೆಲವರಿಗೆ ಎರಡನೇ ಡೋಸ್ ಬೇಕಾಗುತ್ತದೆ.

ಮಲಗಿದ್ದ ಭಾಗದ ಮುಂದಿನ ಕತೆ? ಇಟಲಿಯ ವೈದ್ಯರು ಅಯೋಡಿನ್ ತೆಗೆದುಕೊಂಡ ಬಿಸಿ ಗಂಟಿನ ರೋಗಿಗಳನ್ನು ಇಪ್ಪತ್ತು ವರ್ಷ ಹಿಂಬಾಲಿಸಿ 2005ರಲ್ಲಿ ಲೆಕ್ಕ ಕೊಟ್ಟರು. ಥೈರಾಯ್ಡ್ ಕಮ್ಮಿ ಆದವರು ಮೊದಲ ವರ್ಷಕ್ಕೆ ಶೇ 7.6. ಐದು ವರ್ಷಕ್ಕೆ ಶೇ 28. ಹತ್ತಕ್ಕೆ 46. ಇಪ್ಪತ್ತಕ್ಕೆ 60. ಅಂದರೆ ಉಳಿದ ಭಾಗವೂ ನಿಧಾನಕ್ಕೆ ಸೊರಗುತ್ತದೆ. ಅರವತ್ತೈದರ ಅತ್ತೆಗೆ ಈ ಅಂಕಿ ದೊಡ್ಡದಲ್ಲ. ಇಪ್ಪತ್ತೆಂಟರ ಹುಡುಗಿಗೆ ಓದಿ ನೋಡಿ, ನಲವತ್ತೆಂಟು ತುಂಬುವ ಹೊತ್ತಿಗೆ ದಿನಾ ಬೆಳಿಗ್ಗೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ನುಂಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಥೈರಾಕ್ಸಿನ್ ಏನು ಮಹಾ ಕಷ್ಟದ ಮಾತ್ರೆಯಲ್ಲ, ನಮ್ಮ ಬೀದಿಯಲ್ಲೇ ಎಷ್ಟು ಮನೆಗಳಲ್ಲಿ ಅದು ಕಾಫಿಗೆ ಮೊದಲಿನ ತಿಂಡಿ! ಆದರೂ ಮೊದಲೇ ತಿಳಿದು ಒಪ್ಪುವುದು ಬೇರೆ, ಆಮೇಲೆ ಗೊತ್ತಾಗುವುದು ಬೇರೆ.

ಕ್ಯಾನ್ಸರ್ ಭಯವನ್ನೂ ತಳ್ಳಿಹಾಕುವಂತಿಲ್ಲ. ಹೈಪರ್ ಥೈರಾಯ್ಡಿಗೆ ಅಯೋಡಿನ್ ಪಡೆದ ಸಾವಿರಾರು ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದರ 2019ರ ವರದಿ, ಡೋಸ್ ಏರಿದ ಹಾಗೆ ಸ್ತನ ಕ್ಯಾನ್ಸರ್ ಸೇರಿದಂತೆ ಕೆಲವು ಕ್ಯಾನ್ಸರ್‌ಗಳಿಂದ ಸಾವಿನ ಅಪಾಯ ಸ್ವಲ್ಪ ಏರುತ್ತದೆ ಅಂದಿತು. ಲೆಕ್ಕ ಹಾಕಿದ ರೀತಿಯ ಬಗ್ಗೆ ತಜ್ಞರಲ್ಲೇ ಜಗಳ ಇದೆ. ಏರಿಕೆ ಇದ್ದರೂ ಚಿಕ್ಕದು ಅನ್ನುವುದರಲ್ಲಿ ಹೆಚ್ಚಿನವರಿಗೆ ತಕರಾರಿಲ್ಲ. ಇಲ್ಲೂ ವಯಸ್ಸೇ ಮಾತಾಡುತ್ತದೆ. ಮುಂದೆ ಬದುಕುವ ವರ್ಷ ಜಾಸ್ತಿ ಇದ್ದಷ್ಟೂ ಚಿಕ್ಕ ಅಪಾಯಕ್ಕೆ ತೂಕ ಜಾಸ್ತಿ.

ಬಸುರಿಯರಿಗೆ ಅಯೋಡಿನ್ ಖಡಾಖಂಡಿತ ಇಲ್ಲ. ಮಗುವಿನ ಥೈರಾಯ್ಡನ್ನೇ ಅದು ಸುಡುತ್ತದೆ. ತೆಗೆದುಕೊಂಡ ಮೇಲೆ ಕನಿಷ್ಠ ಆರು ತಿಂಗಳು ಬಸುರು ಮುಂದೂಡಬೇಕು. ಹಾಲೂಡಿಸುವ ತಾಯಿ ಡೋಸಿಗೆ ಕನಿಷ್ಠ ಆರು ವಾರ ಮೊದಲೇ ಹಾಲು ಬಿಡಿಸಿರಬೇಕು.

ಇನ್ನು ಮನೆಯ ಮಾತು. ಡೋಸ್ ಕುಡಿದು ಬಂದವರು ಕೆಲವು ದಿನ ಬೇರೆ ಮಲಗಬೇಕು, ಮಕ್ಕಳನ್ನು ಎತ್ತಿಕೊಳ್ಳಬಾರದು, ಬಸುರಿಯರಿಂದ ದೂರ ಇರಬೇಕು, ಶೌಚಾಲಯದಲ್ಲಿ ನೀರು ಜಾಸ್ತಿ ಹಾಕಬೇಕು. ಎಷ್ಟು ದಿನ ಅನ್ನುವುದು ಡೋಸಿನ ಮೇಲೆ ಹೋಗುತ್ತದೆ, ಆಸ್ಪತ್ರೆಯವರು ಬರೆದುಕೊಡುತ್ತಾರೆ. ಹಾಳೆಯಲ್ಲಿ ಓದಲು ಸುಲಭ. ಎರಡು ಕೋಣೆಯ ಮನೆಯಲ್ಲಿ ಆರು ಜನ ಇದ್ದರೆ? ಹೆಂಗಸರ ಕಾಯಿಲೆಯಲ್ಲಿ ಅಡುಗೆಮನೆ ಯಾರದು ಅನ್ನುವ ಪ್ರಶ್ನೆ ಎಷ್ಟೋ ಸಲ ವೈದ್ಯಕೀಯ ಪ್ರಶ್ನೆಗಿಂತ ದೊಡ್ಡದು. ಅದನ್ನು ಡಾಕ್ಟರ ಮುಂದೆ ಹೇಳಲು ನಾಚಿಕೆ ಬೇಡ.

ಕತ್ತರಿ

ಥೈರಾಯ್ಡ್ ಆಪರೇಷನ್ನಿನ ಚರಿತ್ರೆಯಲ್ಲೂ ಈ ಉಳಿದರ್ಧದ ಪಾಠ ಇದೆ. ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಕರ್ ಗಳಗಂಡದ ಆಪರೇಷನ್ನಿನಲ್ಲಿ ಎತ್ತಿದ ಕೈ. ಆದರೆ ಪೂರ್ತಿ ಗ್ರಂಥಿ ತೆಗೆಸಿಕೊಂಡವರು ಆಮೇಲೆ ಊದಿಕೊಂಡು, ಮಂಕಾಗಿ, ಕಳೆಗುಂದಿದ್ದನ್ನು ಅವರೇ ಗಮನಿಸಿ 1883ರಲ್ಲಿ ಬಹಿರಂಗವಾಗಿ ಹೇಳಿದರು. ಪೂರ್ತಿ ತೆಗೆಯುವುದನ್ನು ಬಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಬಂತು.

ಒಂದೇ ಬಿಸಿ ಗಂಟಿಗೆ ಇವತ್ತು ಮಾಡುವುದು ಲೋಬೆಕ್ಟಮಿ, ಅಂದರೆ ಗಂಟಿರುವ ರೆಕ್ಕೆಯನ್ನಷ್ಟೇ ತೆಗೆಯುವುದು. ಗ್ಯಾರಂಟಿಯಲ್ಲಿ ಇದರ ಸಮ ಯಾವುದೂ ಇಲ್ಲ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಶನ್ನಿನ 2016ರ ಮಾರ್ಗಸೂಚಿಯ ಪ್ರಕಾರ ವಿಫಲವಾಗುವುದು ಶೇ 1ಕ್ಕೂ ಕಮ್ಮಿ. ಗಂಟು ಹೋದ ದಿನವೇ ಹಾರ್ಮೋನ್ ಕಾರ್ಖಾನೆ ಬಂದ್. ರಕ್ತದಲ್ಲಿ ಉಳಿದ ಟಿ4 ವಾರಕ್ಕೊಮ್ಮೆ ಅರ್ಧ ಅರ್ಧ ಇಳಿಯುತ್ತಾ ಹೋಗುತ್ತದೆ. ಮಲಗಿದ್ದ ರೆಕ್ಕೆ ಕಿರಣದ ಬಿಸಿ ಸೋಕದೆ ನಿಧಾನಕ್ಕೆ ಏಳುತ್ತದೆ. ಅದೇ ಮಾರ್ಗಸೂಚಿ ಆಮೇಲೆ ಥೈರಾಯ್ಡ್ ಕಮ್ಮಿ ಆಗುವವರನ್ನು ಶೇ 2–3 ಅನ್ನುತ್ತದೆ. ಅಯೋಡಿನ್ನಿನ ಇಪ್ಪತ್ತು ವರ್ಷದ 60ರ ಪಕ್ಕ ಇದನ್ನು ಇಟ್ಟು ನೋಡಿ. ತೆಗೆದದ್ದು ಪೆಥಾಲಜಿಗೆ ಹೋಗುವುದರಿಂದ ಅದು ಏನಾಗಿತ್ತು ಅನ್ನುವುದಕ್ಕೆ ಕಡೆಯ ಉತ್ತರವೂ ಸಿಗುತ್ತದೆ.

ಬೆಲೆ ಇದೆ. ಪೂರ್ತಿ ಅರಿವಳಿಕೆ, ಕತ್ತಿನ ಮೇಲೆ ಗೀಟು, ಕೆಲವು ದಿನದ ವಿಶ್ರಾಂತಿ. ಗ್ರಂಥಿಯ ಹಿಂದೆಯೇ ದನಿಯ ನರ ಹಾದುಹೋಗುತ್ತದೆ. ಒಂದೇ ಕಡೆ ಮಾಡುವುದರಿಂದ ಒಂದೇ ನರಕ್ಕೆ ಅಪಾಯ. ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್‌ಗಳು ಇನ್ನೊಂದು ಬದಿಯಲ್ಲಿ ಸುರಕ್ಷಿತವಾಗಿ ಇರುತ್ತವೆ. ಹಾಡುವವರು, ಭಾಗವತರು, ಮೇಷ್ಟ್ರುಗಳು ಇನ್ನೊಂದು ನರದ ಬಗ್ಗೆಯೂ ಕೇಳಬೇಕು. ಗ್ರಂಥಿಯ ಮೇಲ್ತುದಿಯಲ್ಲಿ ಇರುವ ಆ ಸಣ್ಣ ನರಕ್ಕೆ ಪೆಟ್ಟಾದರೆ ಮಾತು ಸರಿಯಿರುತ್ತದೆ, ತಾರಸ್ಥಾಯಿ ಹೋಗುತ್ತದೆ. ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ, 'ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ ಸಾರ್?' ಕೈ ಪಳಗಿದಷ್ಟೂ ತೊಂದರೆ ಕಮ್ಮಿ.

ಎರಡೂ ರೆಕ್ಕೆಗಳಲ್ಲಿ ಹಲವು ಬಿಸಿ ಗಂಟುಗಳಿದ್ದರೆ ಈ ಲೆಕ್ಕ ತಲೆಕೆಳಗು. ಆಗ ಆಪರೇಷನ್ ಅಂದರೆ ಬಹುತೇಕ ಪೂರ್ತಿ ಗ್ರಂಥಿ ತೆಗೆಯುವುದು, ಆಮೇಲೆ ಜೀವನಪೂರ್ತಿ ಥೈರಾಕ್ಸಿನ್.

ಸೂಜಿಯ ಹೊಸ ಭರವಸೆ

ಈಗ ಮೊಬೈಲ್ ತೆರೆದರೆ ರೀಲ್ಸ್‌ನಲ್ಲಿ ಬರುವುದು ಇದೇ: ಕತ್ತರಿ ಇಲ್ಲ, ಕಲೆ ಇಲ್ಲ, ಅದೇ ದಿನ ಮನೆಗೆ. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್, ಬಾಯಿಮಾತಿನಲ್ಲಿ ಆರ್‌ಎಫ್‌ಎ. ಕತ್ತಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ ತೆಳ್ಳನೆಯ ಸೂಜಿಯನ್ನು ಗಂಟಿನೊಳಗೆ ತೂರಿಸಿ, ತುದಿಯನ್ನು ಕಾಯಿಸಿ ಸ್ವಲ್ಪ ಸ್ವಲ್ಪವೇ ಬೇಯಿಸುತ್ತಾರೆ. ಒಂದೇ ಕಡೆ ಸೂಜಿ ನಿಲ್ಲಿಸದೆ ಸರಿಸುತ್ತಾ ಹೋಗುವ ಕೈಚಳಕವನ್ನು ಬೆಳೆಸಿದವರು ದಕ್ಷಿಣ ಕೊರಿಯಾದ ವೈದ್ಯರು. ನರದ ಹತ್ತಿರ ಶೇ 5ರ ಡೆಕ್ಸ್‌ಟ್ರೋಸ್ ದ್ರಾವಣ ಬಿಟ್ಟು ನರವನ್ನು ಪಕ್ಕಕ್ಕೆ ಸರಿಸಿಟ್ಟುಕೊಳ್ಳುವುದೂ ಉಂಟು. ಮಲಗಿರುವ ಭಾಗಕ್ಕೆ ಇಲ್ಲಿ ಕಿರಣವೂ ಇಲ್ಲ, ಕತ್ತರಿಯೂ ಇಲ್ಲ. ಕೆಲಸ ಆದರೆ ಇದಕ್ಕಿಂತ ಚಂದ ಏನಿದೆ?

ಆಗುತ್ತದಾ ಅನ್ನುವುದೇ ಪ್ರಶ್ನೆ. ಎಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಗಂಟಿನ ಗಾತ್ರ ವರ್ಷದೊಳಗೆ ಸರಾಸರಿ ಶೇ 79 ಕುಗ್ಗಿತ್ತು. ಟಿಎಸ್‌ಎಚ್ ಸರಿಹೋದದ್ದು ಶೇ 57 ಜನರಿಗೆ ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಜಾಹೀರಾತಿನ ಜಾಣ್ಮೆ ಇದೆ. ಶೇ 79 ಕುಗ್ಗಿದ ಫೋಟೋ ತೋರಿಸುತ್ತಾರೆ. ಹಾರ್ಮೋನ್ ಸುರಿಸದ ತಣ್ಣನೆಯ ಗಂಟಾಗಿದ್ದರೆ ಅಷ್ಟು ಸಾಕು, ಅಲ್ಲಿ ಬೇಕಾದದ್ದು ಕತ್ತು ತೆಳುವಾಗುವುದು. ಬಿಸಿ ಗಂಟಿನಲ್ಲಿ ಅಂಚಿನಲ್ಲಿ ಉಳಿದ ಚೂರೂ ಹಾರ್ಮೋನ್ ಸುರಿಸುತ್ತದೆ. ಆ ಅಂಚು ಉಳಿಯುವುದು ಸಾಮಾನ್ಯವಾಗಿ ನರದ ಪಕ್ಕದಲ್ಲೇ, ಯಾಕೆಂದರೆ ಅಲ್ಲಿ ವೈದ್ಯರ ಕೈ ಹಿಂಜರಿಯುತ್ತದೆ, ಹಿಂಜರಿಯಲೇಬೇಕು. ತೋಟದಲ್ಲಿ ಗರಿಕೆ ಕಿತ್ತವರಿಗೆ ಇದು ಗೊತ್ತು. ಮೇಲೆ ಬೋಳಾಗಿ ಕಾಣುತ್ತದೆ, ಬೇರಿನ ಒಂದು ತುಂಡು ಉಳಿದಿದ್ದರೆ ಮುಂದಿನ ಮಳೆಗೆ ಹಾಜರ್.

ಹಾಗಾಗಿ ಗಾತ್ರವೇ ಎಲ್ಲ. ಇಟಲಿಯಲ್ಲಿ 2018ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನದಲ್ಲಿ 12 ಮಿಲಿಲೀಟರ್ ಒಳಗಿನ ಗಂಟುಗಳಲ್ಲಿ ಶೇ 86 ಜನರ ಟಿಎಸ್‌ಎಚ್ ಸರಿಹೋಯಿತು. ಅದಕ್ಕಿಂತ ದೊಡ್ಡದರಲ್ಲಿ ಶೇ 45.

ನಮ್ಮ ಸ್ಕ್ಯಾನ್ ವರದಿಗಳಲ್ಲಿ ಮಿಲಿಲೀಟರ್ ಬರೆದಿರುವುದು ಕಮ್ಮಿ, ಸೆಂಟಿಮೀಟರ್ ಇರುತ್ತದೆ. ಉದ್ದ, ಅಗಲ, ಆಳ ಮೂರನ್ನೂ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ವರದಿಯಲ್ಲಿ 2.8, 2.2, 2.4 ಅಂತಿದ್ದರೆ ಸುಮಾರು 7.7 ಮಿಲಿ. ಅತ್ತೆಯದು 4.2, 3.5, 3.8 ಇತ್ತು. ಗುಣಿಸಿದರೆ 29 ಮಿಲಿ. ಅಳತೆ ನೋಡಿದರೆ ಒಂದೂವರೆ ಪಟ್ಟು, ಬೇಯಿಸಬೇಕಾದ ಮಾಂಸ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಇಲ್ಲೊಂದು ಚೋದ್ಯ ಇದೆ. ದುಂಡಗಿನ ಗಂಟು 12 ಮಿಲಿ ತುಂಬುವುದು ಅಡ್ಡಳತೆ 2.8 ಸೆಂಟಿಮೀಟರ್ ಆದಾಗ. ಬಿಸಿ ಗಂಟು ದೇಹಕ್ಕೆ ವಿಷವಾಗುವುದು ಸಾಮಾನ್ಯವಾಗಿ 3 ಸೆಂಟಿಮೀಟರ್ ತಲುಪಿದ ಮೇಲೆ. ಅಂದರೆ ರೋಗಿ ತೊಂದರೆ ಅಂತ ಡಾಕ್ಟರ ಬಳಿ ಬರುವ ಹೊತ್ತಿಗೆ ಸೂಜಿಯ ಒಳ್ಳೆಯ ಕಾಲ ಹೆಚ್ಚಿನವರಿಗೆ ದಾಟಿಹೋಗಿರುತ್ತದೆ. ಆರ್‌ಎಫ್‌ಎ ಚೆನ್ನಾಗಿ ಹೊಂದುವುದು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಣ್ಣ ಗಂಟು ಸಿಕ್ಕಿ, ಟಿಎಸ್‌ಎಚ್ ಆಗಲೇ ಇಳಿಯುತ್ತಿರುವ ಪ್ರಾಯದವರಿಗೆ. ಯುರೋಪಿನ ಥೈರಾಯ್ಡ್ ವೈದ್ಯರ ಸಂಘದ 2020ರ ಮಾರ್ಗಸೂಚಿಯೂ ಇದೇ ಅರ್ಥದಲ್ಲಿದೆ. ದೊಡ್ಡ ಬಿಸಿ ಗಂಟಿಗೆ ಇದು ಮೊದಲ ಆಯ್ಕೆಯಲ್ಲ, ಸಣ್ಣ ಗಂಟಿನ ಚಿಕ್ಕ ವಯಸ್ಸಿನವರಿಗೆ ಯೋಚಿಸಬಹುದು. ಇಲ್ಲಿ ಏನನ್ನೂ ತೆಗೆದು ಹೊರಗೆ ತರುವುದಿಲ್ಲ. ಹಾಗಾಗಿ ಬೇಯಿಸುವ ಮೊದಲು ಸೂಜಿ ಪರೀಕ್ಷೆ ಮಾಡಿ ಕ್ಯಾನ್ಸರ್ ಅಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳುತ್ತಾರೆ. ಒಂದೇ ಸಲಕ್ಕೆ ಮುಗಿಯದೆ ಎರಡನೇ ಸಲ ಮಾಡಬೇಕಾಗಬಹುದು. ಹಣದ ಲೆಕ್ಕ ಹಾಕುವಾಗ ಆ ಎರಡನೇ ಸಲವನ್ನೂ ಸೇರಿಸಿಯೇ ಹಾಕಬೇಕು.

ಹಿಂದೆ ಆಲ್ಕೋಹಾಲ್ ಚುಚ್ಚುವ ಪದ್ಧತಿಯೂ ಇತ್ತು. ಮತ್ತೆ ಮತ್ತೆ ಚುಚ್ಚಬೇಕು, ನೋವು ಜಾಸ್ತಿ. ನೀರು ತುಂಬಿದ ಗಂಟಿಗೆ ಅದು ಈಗಲೂ ಒಳ್ಳೆಯದು. ಗಟ್ಟಿ ಬಿಸಿ ಗಂಟಿಗೆ ಈಗ ಯಾರೂ ಮೊದಲು ಅದನ್ನು ನೆನೆಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಅಯೋಡಿನ್, ಕತ್ತರಿ, ಸೂಜಿ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ದೊಡ್ಡ ಪ್ರಯೋಗಗಳು ಕಮ್ಮಿ. ಜೊತೆಗೆ ಈ ಮೂರೂ ಮೂರು ವಿಭಾಗದವರ ಕೈಯಲ್ಲಿವೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆ ಆಸ್ಪತ್ರೆಯ ಕಾರಿಡಾರಿನಲ್ಲೂ ಸಲ್ಲುತ್ತದೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇಲ್ಲದ ಊರಿನಲ್ಲಿ ಅಯೋಡಿನ್ ಮಾತೇ ಬರುವುದಿಲ್ಲ. ಹೊಸ ಆರ್‌ಎಫ್‌ಎ ಯಂತ್ರ ತಂದ ಕಡೆ ಎಲ್ಲ ಗಂಟೂ ಆರ್‌ಎಫ್‌ಎ ಗಂಟಾಗಿ ಕಾಣುತ್ತದೆ. ಅದಕ್ಕೇ ಮೊದಲ ಮಾತುಕತೆ ಇವುಗಳಲ್ಲಿ ಯಾವುದನ್ನೂ ಸ್ವತಃ ಮಾಡದ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಆಗಲಿ ಅನ್ನುವುದು ನನ್ನ ಹಟ.

ನನ್ನ ತೀರ್ಪು ಕೇಳಿದರೆ, ಗಂಟು ದೊಡ್ಡದಾಗಿ ಗಂಟಲು ಒತ್ತುತ್ತಿದ್ದರೆ, ನುಂಗಲು ಕಷ್ಟವಾದರೆ, ಜೊತೆಗೆ ಇನ್ನೊಂದು ಅನುಮಾನದ ಗಂಟಿದ್ದರೆ ಕತ್ತರಿಯೇ ಸರಿ. ಆರು ತಿಂಗಳು ಕಾಯದೆ ಮಗು ಬೇಕೆನ್ನುವ ಹೆಣ್ಣುಮಗಳಿಗೂ ಅದೇ. ಮೂವತ್ತರ ಆಸುಪಾಸಿನವರಿಗೆ ಮೂರು ಸೆಂಟಿಮೀಟರ್ ಮೀರಿದ ಗಂಟಿದ್ದರೆ, ಕಲೆ ಬೇಡ ಅಂತ ಸೂಜಿಗೆ ಹೋಗುವುದಕ್ಕಿಂತ ಲೋಬೆಕ್ಟಮಿ ಜಾಸ್ತಿ ಪ್ರಾಮಾಣಿಕ ಸಲಹೆ. ಅರವತ್ತು ದಾಟಿ, ಅರಿವಳಿಕೆ ತಡೆಯುವುದು ಕಷ್ಟ ಅನ್ನುವವರಿಗೆ ಅಯೋಡಿನ್. ಸೂಜಿ ಸಣ್ಣ ಗಂಟಿಗೆ.

ಅತ್ತೆ ಅಯೋಡಿನ್ ಒಪ್ಪಿದರು. ಕುಡಿಯುವ ನೀರಿನ ಹಾಗೆಯೇ ಇತ್ತಂತೆ, ರುಚಿ ಇಲ್ಲ, ಬಣ್ಣ ಇಲ್ಲ. 'ಇಷ್ಟಕ್ಕೆ ಇಷ್ಟು ದೂರ ಬರ್ಬೇಕಿತ್ತಾ?' ಅಂದರು. ಊರಿಗೆ ಹೋಗಿ ಅಡಿಕೆ ಒಣಗಿಸುವ ಅಟ್ಟದ ಪಕ್ಕದ ಕೋಣೆಯಲ್ಲಿ ಬೇರೆ ಮಲಗಿದರು. ಮೊಮ್ಮಗ ಮೆಟ್ಟಿಲ ಕೆಳಗೆ ನಿಂತು ದಿನಾ ಸಂಜೆ ಕೂಗಿ ಮಾತಾಡಿಸುತ್ತಿದ್ದ. ನಾಲ್ಕನೇ ತಿಂಗಳಿಗೆ ಟಿ3, ಟಿ4 ಸರಿಹೋದವು, ಟಿಎಸ್‌ಎಚ್ ಏಳಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಬಲಗಡೆಯದು ಎದ್ದಿದೆ. ಎಷ್ಟು ವರ್ಷ ಎದ್ದಿರುತ್ತದೋ ನೋಡಲು ವರ್ಷಕ್ಕೊಮ್ಮೆ ರಕ್ತ ಕೊಡಬೇಕು. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಜನವರಿಯ ಒಂದು ಚೌಕದೊಳಗೆ, ಏಕಾದಶಿ ಪಕ್ಕ, ಪೆನ್ಸಿಲಿನಲ್ಲಿ 'ಥೈರಾಡು' ಅಂತ ಬರೆದಿಟ್ಟಿದ್ದಾರೆ.